ದರಿಯಾ ದೌಲತ್ತಿನಲ್ಲಿ ಮಕ್ಕಳೊಡನೆ ಒಂದು ದಿನ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಹಿರಿಯರ ಮಾತನ್ನು ಕೇಳದವರು ನಮ್ಮಲ್ಲಿಲ್ಲ. ಈ ಎರಡು ಕೆಲಸಗಳನ್ನೂ ಒಂದೇ ದಿನದಲ್ಲಿ ಮಾಡಿಸಬಲ್ಲ ಸ್ಥಳವೊಂದುಂಟು, ಅದೇ ವಸ್ತುಸಂಗ್ರಹಾಲಯ. ಆದರೂ ಮಕ್ಕಳ ಸಂಗಡ ಅಲ್ಲಿಗೆ ಹೋಗಿ ಬಂದ ತಾಯ್ತಂದೆಗಳಲ್ಲಿ ಅನೇಕರು, “ನಡೆದು ನಡೆದು ಕಾಲು ನೋವಾಯಿತು, ಮಕ್ಕಳು ಒಂದನ್ನೂ ಸರಿಯಾಗಿ ನೋಡಲಿಲ್ಲ, ತಿಂಡಿ ಯಾವಾಗ ಎಂದು ಮಾತ್ರ ಕೇಳುತ್ತಿದ್ದರು” ಎಂದು ಹೇಳುವುದುಂಟು. ಇದರಲ್ಲಿ ಮಕ್ಕಳ ದೋಷವೇನೂ ಇಲ್ಲ. ಊಟದೆಲೆಯ ಮೇಲೆ ನೂರು ಬಗೆಯ ಭಕ್ಷ್ಯಗಳನ್ನು ಒಮ್ಮೆಗೇ ಬಡಿಸಿದರೆ ಹಸಿದ ಮಗುವೂ ಕೈಹಿಂದೆಗೆಯುವುದಲ್ಲವೇ? ನೂರು ಗಾಜಿನ ಪೆಟ್ಟಿಗೆಗಳ ಮುಂದೆ ನೂರು ನಿಮಿಷ ನಿಲ್ಲಿಸಿದ ಮಗುವಿನ ಸ್ಥಿತಿಯೂ ಅಂಥದ್ದೇ. ಸಂಗ್ರಹಾಲಯವನ್ನು ನೋಡುವುದು ಒಂದು ವಿದ್ಯೆ. ಅದನ್ನು ಹಿರಿಯರು ತಾವು ಕಲಿತು ಮಕ್ಕಳಿಗೂ ಕಲಿಸಬೇಕು. ಅದು ಹೇಗೆಂಬುದನ್ನು ಒಂದು ಸ್ಥಳದ ಉದಾಹರಣೆಯಿಂದ ವಿವರಿಸುವುದೇ ಈ ಲೇಖನದ ಉದ್ದೇಶ.

ವೈಯಾಲಿಕಾವಲ್, ಗುಟ್ಟಹಳ್ಳಿ, ಮಲ್ಲೇಶ್ವರಗಳ ಕಡೆಯ ಕುಟುಂಬಗಳು ರಜಾದಿನಗಳಲ್ಲಿ ಸ್ಯಾಂಕಿ ಕೆರೆಯ ಏರಿಗೋ ಲಾಲ್‌ಬಾಗಿಗೋ ಹೋಗಿ ಬರುವುದು ವಾಡಿಕೆ. ವರ್ಷಕ್ಕೊಮ್ಮೆಯಾದರೂ ಬೆಳಗಿನಿಂದ ಸಂಜೆಯವರೆಗೆ ಊರಿನ ಹೊರಗೆ ಕಳೆಯಬೇಕೆನ್ನುವವರಿಗೆ ನಾನು ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗನ್ನು ಸೂಚಿಸುತ್ತೇನೆ. ಅದು ಬೆಂಗಳೂರಿಗೆ ಸುಮಾರು ೧೨೫ ಕಿಲೋಮೀಟರ್ ದೂರದಲ್ಲಿ, ಕಾವೇರಿ ನದಿಯ ನಡುಗಡ್ಡೆಯಲ್ಲಿದೆ. ಅಲ್ಲಿರುವುದು ಒಂದು ತೋಟ, ತೋಟದ ನಡುವೆ ಒಂದು ಮನೆ, ಮಗ್ಗುಲಲ್ಲಿ ಒಂದು ನದಿ. ಸಂಗ್ರಹಾಲಯವು ಚಿಕ್ಕದು. ಮಕ್ಕಳ ವಿಷಯದಲ್ಲಿ ಇದು ಕೊರತೆಯಲ್ಲ, ದೊಡ್ಡದೊಂದು ಗುಣ.

ದರಿಯಾ ಎಂದರೆ ಪಾರಸೀ ಭಾಷೆಯಲ್ಲಿ ಸಮುದ್ರವೆಂದೂ ಮಹಾನದಿಯೆಂದೂ ಅರ್ಥ. ದೌಲತ್ ಎಂದರೆ ಸಂಪತ್ತು. ಟಿಪ್ಪು ಸುಲ್ತಾನನು ೧೭೮೪ರಲ್ಲಿ ಈ ಬೇಸಗೆಯ ಅರಮನೆಯನ್ನು ಕೋಟೆಯ ಹೊರಗೆ, ನದಿಯ ತಂಪುಗಾಳಿ ಬೀಸುವೆಡೆಯಲ್ಲಿ ಕಟ್ಟಿಸಿದನು. ಎತ್ತರವಾದ ಜಗಲಿಯ ಮೇಲೆ ತೇಗದ ಮರವನ್ನು ಹೇರಳವಾಗಿ ಬಳಸಿ ಕಟ್ಟಿದ ಮನೆಯಿದು. ಸುತ್ತಲೂ ಕಂಬಗಳ ಸಾಲಿನ ಮೊಗಸಾಲೆಗಳೂ ಮೇಲೆ ಉಪ್ಪರಿಗೆಯೂ ಇವೆ. ಗೋಡೆ, ಕಂಬ, ಕಮಾನು, ಮಾಳಿಗೆಗಳಲ್ಲಿ ಬಣ್ಣದ ಬಳ್ಳಿ ಹೂಗಳಿಲ್ಲದ ಜಾಗವೇ ಅಪೂರ್ವ. ೧೭೯೯ರಲ್ಲಿ ಪಟ್ಟಣವು ಇಂಗ್ಲಿಷರ ವಶವಾದ ಮೇಲೆ ಅವರ ಸೇನಾಧಿಕಾರಿಯಾದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಇಲ್ಲಿ ವಾಸವಾಗಿದ್ದನು. ಮುಂದೆ ೧೮೧೫ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಪ್ರಭುವು ಇವನೇ. ಈಗ ಈ ಕಟ್ಟಡವು ಭಾರತೀಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ೧೯೫೯ರಿಂದ ಇಲ್ಲಿ ಟಿಪ್ಪು ಸುಲ್ತಾನ್ ವಸ್ತುಸಂಗ್ರಹಾಲಯವು ನಡೆಯುತ್ತಿದೆ. ಬೇರೆ ಸಂಗ್ರಹಾಲಯಗಳಲ್ಲಿ ವಸ್ತುಗಳನ್ನು ಎಲ್ಲೆಲ್ಲಿಂದಲೋ ತಂದು ಹೊಸದೊಂದು ಮನೆಯಲ್ಲಿಡುತ್ತಾರೆ. ಇಲ್ಲಿಯಾದರೋ ಮನೆಯೇ ಮೊದಲನೆಯ ವಸ್ತು.

ಪ್ರಯಾಣಕ್ಕೆ ಒಂದು ವಾರ ಮೊದಲೇ ಸಿದ್ಧತೆ ಆರಂಭವಾಗತಕ್ಕದ್ದು. ಚಾಮರಾಜಪೇಟೆಯ ಬಳಿ, ಬೆಂಗಳೂರಿನ ಹಳೆಯ ಕೋಟೆಯ ಪ್ರದೇಶದಲ್ಲಿ, ಟಿಪ್ಪುವಿನ ಮತ್ತೊಂದು ಬೇಸಗೆಯ ಅರಮನೆಯುಂಟು. ಹೈದರಲಿಯ ಕಾಲದಲ್ಲಿ ಆರಂಭವಾದ ಅದು ೧೭೯೧ರಲ್ಲಿ ಮುಗಿಯಿತು. ಅದೂ ತೇಗದ ಮರದ್ದೇ. ಮಧ್ಯಾಹ್ನವೊಂದರಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಕಂಬಗಳ ಕೆತ್ತನೆಯನ್ನೂ ಉಪ್ಪರಿಗೆಯ ಮೊಗಸಾಲೆಗಳನ್ನೂ ತೋರಿಸಿ, ಮನಸ್ಸಿನಲ್ಲಿಟ್ಟುಕೊಳ್ಳಲು ಹೇಳಿರಿ. ಮುಂದಿನ ವಾರ ದರಿಯಾ ದೌಲತ್ತಿನ ಮುಂದೆ ನಿಂತಾಗ, “ಅಮ್ಮಾ, ಇದು ನಮ್ಮೂರಿನ ಅರಮನೆಯ ಹಾಗೆಯೇ ಇದೆ; ಆದರೆ ಇಲ್ಲಿ ಚಿತ್ರಗಳುಂಟು!” ಎಂದು ಮಗುವು ತಾನಾಗಿಯೇ ಹೇಳಿದರೆ ಅರ್ಧ ಪಾಠ ಮುಗಿದಂತೆ. ಕಂಡದ್ದನ್ನು ಹೊಸದರೊಡನೆ ಹೋಲಿಸುವುದೇ ಜ್ಞಾನದ ಮೊದಲ ಮೆಟ್ಟಲು.

ಪ್ರಯಾಣಕ್ಕೆ ಕಾರು ಬಸ್ಸುಗಳು ಬೇಕಾದಷ್ಟಿವೆ. ಆದರೆ ಮಕ್ಕಳ ದೃಷ್ಟಿಯಿಂದ ರೈಲೇ ಉತ್ತಮ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಂದು ನಿಲ್ದಾಣಗಳ ಹೆಸರುಗಳನ್ನು ಅವರೇ ಓದಲಿ. ರಾಮನಗರದ ಬಂಡೆಬೆಟ್ಟಗಳು ಹಿಂದೆ ಸರಿದು ಮಂಡ್ಯದ ಕಬ್ಬಿನ ಗದ್ದೆಗಳು ಬಂದಾಗ, ನೆಲದ ಬಣ್ಣವೂ ಬೆಳೆಯೂ ಏಕೆ ಬದಲಾಯಿತೆಂದು ಕೇಳಿರಿ. ಉತ್ತರವು ನೀರು. ಕೊನೆಯಲ್ಲಿ ರೈಲು ಕಾವೇರಿಯ ಒಂದು ಕವಲನ್ನು ಸೇತುವೆಯ ಮೇಲೆ ದಾಟಿ ಶ್ರೀರಂಗಪಟ್ಟಣವನ್ನು ಸೇರುವುದು. ಆ ಕ್ಷಣದಲ್ಲಿ ಎಲ್ಲರೂ ಕಿಟಕಿಯ ಕಡೆಗೆ ನೋಡಬೇಕು. ನಾವು ಈಗ ದ್ವೀಪವೊಂದನ್ನು ಪ್ರವೇಶಿಸುತ್ತಿದ್ದೇವೆ ಎಂಬ ಮಾತು ಭೂಗೋಳದ ಪುಸ್ತಕಕ್ಕಿಂತ ಆ ಸೇತುವೆಯ ಮೇಲೆ ಚೆನ್ನಾಗಿ ತಿಳಿಯುವುದು.

ರಾಜಧಾನಿಯನ್ನು ದ್ವೀಪದಲ್ಲಿ ಏಕೆ ಇಟ್ಟುಕೊಂಡರು? ನದಿಯು ಎರಡು ಕವಲಾಗಿ ಹರಿದು ಊರನ್ನು ಅಪ್ಪಿಕೊಂಡಿರುವುದರಿಂದ ಅದೇ ಕೋಟೆಯ ದೊಡ್ಡ ಕಂದಕವಾಗಿತ್ತು. ಮುಂಗಾರಿನಲ್ಲಿ ಕೊಡಗಿನ ಬೆಟ್ಟಗಳಲ್ಲಿ ಮಳೆ ಸುರಿದರೆ ಕಾವೇರಿಯು ತುಂಬಿ, ಶತ್ರುವಿಗೆ ದಾಟುವುದು ದುಸ್ತರವಾಗುತ್ತಿತ್ತು. ಆದಕಾರಣವೇ ೧೭೯೯ರಲ್ಲಿ ಮುತ್ತಿಗೆ ಹಾಕಿದ ಇಂಗ್ಲಿಷ್ ಸೇನೆಯು ಮಳೆ ಬರುವುದರೊಳಗೆ ಕಾರ್ಯ ಮುಗಿಸಲು ಆತುರಪಟ್ಟಿತು. ಮೇ ತಿಂಗಳ ೪ನೆಯ ತಾರೀಖು, ನೀರು ತಗ್ಗಿದ್ದ ಸಮಯದಲ್ಲಿ, ಸೈನಿಕರು ಬಂಡೆಗಳ ನಡುವೆ ನದಿಯನ್ನು ದಾಟಿ ಕೋಟೆಯನ್ನು ಹೊಕ್ಕರು. ಟಿಪ್ಪುವು ಅಂದೇ ಕಾದಾಡುತ್ತ ಮಡಿದನು. ಮಳೆಗಾಲವು ಒಂದು ತಿಂಗಳು ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ಮಕ್ಕಳು ಯೋಚಿಸಲಿ. ಇಂದಿನ ಪ್ರವಾಹವನ್ನು ನೋಡಿ ಅಂದಿನದನ್ನು ಅಳೆಯಬಾರದೆಂದೂ ಅವರಿಗೆ ತಿಳಿಸಿರಿ. ಏಕೆಂದರೆ ೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯು ಈಗ ಮೇಲುಗಡೆಯಲ್ಲಿ ನೀರನ್ನು ತಡೆಹಿಡಿದಿದೆ.

ರೈಲು ನಿಲ್ದಾಣದ ಸಮೀಪದಲ್ಲಿಯೇ ಮಕ್ಕಳು ಬೆರಗಾಗುವ ಸಂಗತಿಯೊಂದುಂಟು. ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಜೋಡಿ ರೈಲುಮಾರ್ಗಕ್ಕೆ ಅಡ್ಡವಾಗಿ ನಿಂತಿತ್ತು. ಅದನ್ನು ಕೆಡವದೆ, ೨೦೧೭ರಲ್ಲಿ ತಳದಿಂದ ಬಿಡಿಸಿ, ಇಡಿಯಾಗಿ ಮೇಲೆತ್ತಿ, ಸುಮಾರು ನೂರು ಮೀಟರ್ ದೂರಕ್ಕೆ ಸಾಗಿಸಿ ನಿಲ್ಲಿಸಿದರು. ಇಟ್ಟಿಗೆ ಗಾರೆಯ ಆ ಕಟ್ಟಡದ ಭಾರವು ಸುಮಾರು ಸಾವಿರ ಟನ್ನು. ಹಳೆಯದನ್ನು ಉಳಿಸಬೇಕೆಂಬ ಮನಸ್ಸೊಂದಿದ್ದರೆ ಉಪಾಯವು ತಾನಾಗಿಯೇ ಹೊಳೆಯುವುದೆಂಬುದಕ್ಕೆ ಇದು ನಿದರ್ಶನ.

ಇನ್ನು ಸಂಗ್ರಹಾಲಯದ ಒಳಗೆ ಬರೋಣ. ಮೊಗಸಾಲೆಗಳ ಮುಂದೆ ಹಸುರು ತೆರೆಗಳು ಇಳಿಬಿದ್ದಿರುವುದನ್ನು ಕಂಡು, “ಇಷ್ಟು ಚೆಂದದ ಮನೆಯನ್ನು ಏಕೆ ಮುಚ್ಚಿದ್ದಾರೆ?” ಎಂದು ಮಕ್ಕಳು ಕೇಳುವರು. ಬಿಸಿಲಿನಲ್ಲಿ ಒಣಹಾಕಿದ ಸೀರೆಯ ಬಣ್ಣವು ಮಾಸುವಂತೆಯೇ ಗೋಡೆಯ ಚಿತ್ರದ ಬಣ್ಣವೂ ಮಾಸುತ್ತದೆ. ಮನೆಯಲ್ಲಿ ಸೀರೆಯನ್ನು ನೆರಳಿನಲ್ಲಿ ಒಣಗಿಸುವ ತಾಯಿಯಂತೆ ಇಲ್ಲಿಯೂ ಯಾರೋ ಎಚ್ಚರ ವಹಿಸಿದ್ದಾರೆ ಎಂದು ಹೇಳಿರಿ. ಮುಟ್ಟಬಾರದೆಂಬ ನಿಯಮಕ್ಕೂ ಕಾರಣ ತಿಳಿಸಿರಿ. ಬೆರಳಿನ ಜಿಡ್ಡೂ ಬೆವರೂ ಒಂದು ಸಲಕ್ಕೆ ಅತ್ಯಲ್ಪವಾದರೂ ದಿನವೂ ಬರುವ ಸಾವಿರ ಕೈಗಳು ಸೇರಿದರೆ ಬಣ್ಣವು ಸವೆದುಹೋಗುವುದು. ಕಾರಣ ತಿಳಿದ ಮಗುವು ಕಾವಲುಗಾರನಿಲ್ಲದಾಗಲೂ ಮುಟ್ಟುವುದಿಲ್ಲ.

ಒಳಗೆ ನಾಣ್ಯಗಳು, ಪದಕಗಳು, ಕತ್ತಿಗಳು, ಬಂದೂಕುಗಳು, ಉಡುಪುಗಳು, ಚಿತ್ರಗಳು ಇವೆ. ಎಲ್ಲವನ್ನೂ ನೋಡಬೇಕೆಂಬ ಆಸೆಯನ್ನು ಬಿಡಿರಿ. ಮೂರನ್ನು ಮಾತ್ರ ಆರಿಸಿ ನಿಧಾನವಾಗಿ ನೋಡಿರಿ. ಪ್ರತಿಯೊಂದರ ಮುಂದೆಯೂ ನಾಲ್ಕು ಪ್ರಶ್ನೆಗಳನ್ನು ಕೇಳತಕ್ಕದ್ದು. ಇದರಲ್ಲಿ ಏನು ಕಾಣುತ್ತದೆ? ಇದನ್ನು ಯಾರು ಮಾಡಿಸಿದರು? ಯಾರು ನೋಡಲಿ ಎಂದು ಮಾಡಿಸಿದರು? ಇದರಲ್ಲಿ ಯಾರು ಇಲ್ಲ? ಎಂಟು ವರ್ಷದ ಮಗುವೂ ಈ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲದು. ದೊಡ್ಡ ಪಂಡಿತರು ಕೇಳುವ ಪ್ರಶ್ನೆಗಳೂ ಇವೇ.

ಮೊದಲನೆಯದು ಪಡುವಣ ಗೋಡೆಯ ಮೇಲಿನ ಮಹಾಚಿತ್ರ. ೧೭೮೦ರ ಸೆಪ್ಟೆಂಬರ್ ೧೦ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಹೈದರಲಿಯೂ ಟಿಪ್ಪುವೂ ಕರ್ನಲ್ ಬೈಲಿಯ ನೇತೃತ್ವದ ಇಂಗ್ಲಿಷ್ ಕಂಪನಿಯ ದಂಡನ್ನು ಸಂಪೂರ್ಣವಾಗಿ ಸೋಲಿಸಿದರು. ಆ ಕದನವೇ ಇಲ್ಲಿ ಚಿತ್ರಿತವಾಗಿದೆ. ಕಂಪನಿಯ ಸೈನಿಕರು ಚೌಕಾಕಾರವಾಗಿ ನಿಂತಿದ್ದಾರೆ. ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಬೈಲಿ. ಮದ್ದಿನ ಬಂಡಿಯೊಂದು ಸಿಡಿಯುತ್ತಿದೆ. ಸುತ್ತಲೂ ಮೈಸೂರಿನ ಕುದುರೆಯ ದಂಡು ನುಗ್ಗುತ್ತಿದೆ. ಮೈಸೂರಿನವರ ನೆರವಿಗಿದ್ದ ಫ್ರೆಂಚ್ ದಳಪತಿ ಲಾಲಿಯನ್ನೂ ಹುಡುಕಿರಿ. ಅವನ ಕೈಯಲ್ಲಿ ದುರ್ಬೀನು ಉಂಟು. ಟಿಪ್ಪುವಾದರೋ ಆ ಗದ್ದಲದ ನಡುವೆ ಹೂವೊಂದನ್ನು ಮೂಸುತ್ತ ಶಾಂತನಾಗಿದ್ದಾನೆ. ಅಂಥ ಘೋರ ಸಮಯದಲ್ಲಿ ನಿಜವಾಗಿಯೂ ಹೂವನ್ನು ಮೂಸುತ್ತಿದ್ದನೇ ಎಂದು ಮಗುವು ಕೇಳುವುದು. ಅಲ್ಲಿಯೇ ಎರಡನೆಯ ಪ್ರಶ್ನೆಯನ್ನು ಮುಂದಿಡಿರಿ: ಇದನ್ನು ಮಾಡಿಸಿದವರಾರು? ಟಿಪ್ಪುವೇ. ತನ್ನ ಮನೆಯ ಗೋಡೆಯ ಮೇಲೆ ತನ್ನ ಜಯವನ್ನು ತಾನು ಬಯಸಿದಂತೆ ಬರೆಯಿಸಿದನು. ಹೂವು ಅವನ ಧೈರ್ಯಕ್ಕೆ ಗುರುತು. ಅಂದಿನ ಸಂಗತಿಯ ವರದಿಯೆಂದು ಅದನ್ನು ತಿಳಿಯಬೇಕಾಗಿಲ್ಲ. ಚಿತ್ರವು ಸುಳ್ಳೆಂದು ಇದರ ಅರ್ಥವಲ್ಲ. ಕದನವೂ ಸೋಲೂ ನಿಜ. ಆದರೆ ಚಿತ್ರವು ಒಬ್ಬನ ಬಾಯಿಂದ ಕೇಳಿದ ಮಾತು.

ಚಿಕ್ಕ ಮಕ್ಕಳಿಗೆ ಮೂಡಣ ಗೋಡೆಯಲ್ಲಿ ಒಂದು ಆಟವನ್ನು ಕೊಡಬಹುದು. ಅಲ್ಲಿ ಆ ಕಾಲದ ಹಾಗೂ ಅದಕ್ಕೆ ಹಿಂದಿನ ಅರಸರೂ ನಾಯಕರೂ ತಮ್ಮ ತಮ್ಮ ಸಭೆಗಳಲ್ಲಿ ಕುಳಿತಿದ್ದಾರೆ. ಚಿತ್ರದುರ್ಗದ ಮದಕರಿ ನಾಯಕನನ್ನೂ ಮಾಗಡಿಯ ಕೆಂಪೇಗೌಡನನ್ನೂ ಹುಡುಕಿಸಿರಿ. ಬೆಂಗಳೂರಿನ ಮಕ್ಕಳಿಗೆ ತಮ್ಮೂರನ್ನು ಕಟ್ಟಿದ ವಂಶದ ಹೆಸರನ್ನು ಅಲ್ಲಿ ಕೇಳಿ ಆಗುವ ಸಂತೋಷವು ಅಷ್ಟಿಷ್ಟಲ್ಲ.

ಎರಡನೆಯದು ಸರ್ ರಾಬರ್ಟ್ ಕೆರ್ ಪೋರ್ಟರನ ಹೆಸರಿನ ತೈಲಚಿತ್ರ. ಇದರಲ್ಲಿರುವುದು ೧೭೯೯ರ ಮೇ ೪ರಂದು ಇಂಗ್ಲಿಷ್ ಸೇನೆಯು ಶ್ರೀರಂಗಪಟ್ಟಣದ ಕೋಟೆಯನ್ನು ಹೊಕ್ಕ ದೃಶ್ಯ. ಇಲ್ಲಿ ಧೀರರೆಲ್ಲರೂ ಕೆಂಪು ಅಂಗಿಯವರು. ಪೋರ್ಟರನು ಈ ವಿಷಯವನ್ನೇ ಕುರಿತು ನೂರು ಅಡಿಗಿಂತಲೂ ಉದ್ದವಾದ ಮಹಾಪಟವೊಂದನ್ನು ಬರೆದು ೧೮೦೦ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದನು. ಜನರು ಹಣ ಕೊಟ್ಟು ಅದನ್ನು ನೋಡಲು ನೆರೆದರು. ಚಿತ್ರಕಾರನು ಆಗ ಇಪ್ಪತ್ತಮೂರರ ಆಸುಪಾಸಿನ ತರುಣ, ಕಾವೇರಿಯನ್ನು ಕಂಡವನಲ್ಲ. ಇತರರು ಹೇಳಿದ್ದನ್ನು ಕೇಳಿ ಬರೆದನು. ಯಾರು ನೋಡಲಿ ಎಂದು ಮಾಡಿದ್ದು ಎಂಬ ಮೂರನೆಯ ಪ್ರಶ್ನೆಗೆ ಇಲ್ಲಿ ಉತ್ತರ ಸುಲಭ: ಗೆದ್ದ ದೇಶದ ಜನರು ನೋಡಿ ಹೆಮ್ಮೆಪಡಲಿ ಎಂದು.

ಹೀಗೆ ಒಂದೇ ಮನೆಯಲ್ಲಿ, ಒಬ್ಬರ ಗೆಲುವನ್ನು ಹೇಳುವ ಚಿತ್ರವೂ ಮತ್ತೊಬ್ಬರ ಗೆಲುವನ್ನು ಹೇಳುವ ಚಿತ್ರವೂ ಕೂಡಿ ಉಳಿದಿವೆ. ಒಂದನ್ನು ಮಾತ್ರ ನೋಡಿದವನು ಹೊಗಳುಭಟ್ಟನಾಗುವನು. ಎರಡನ್ನೂ ನೋಡಿದವನು ನ್ಯಾಯವನ್ನು ಯೋಚಿಸುವನು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ.

ಇದಕ್ಕೂ ಮಿಗಿಲಾದ ಸಂಗತಿಯೊಂದನ್ನು ಮಕ್ಕಳಿಗೆ ಅವಶ್ಯವಾಗಿ ಹೇಳಬೇಕು. ಪೊಲ್ಲಿಲೂರಿನ ಚಿತ್ರವು ಕೊನೆಯ ಮುತ್ತಿಗೆಗೆ ಮುಂಚೆಯೇ ಕೆಟ್ಟುಹೋಗಿತ್ತು. ಅದನ್ನು ಸರಿಪಡಿಸಿದವನು ಈ ಮನೆಯಲ್ಲಿ ವಾಸಕ್ಕೆ ಬಂದ ವೆಲ್ಲೆಸ್ಲಿ; ಅಂದರೆ ಇಂಗ್ಲಿಷರ ಸೋಲಿನ ಚಿತ್ರವನ್ನು ಇಂಗ್ಲಿಷ್ ದಳಪತಿಯೇ ಉಳಿಸಿದನು. ಮುಂದೆ ಅದರ ಮೇಲೆ ಸುಣ್ಣ ಬಳಿದು ಅದು ಮತ್ತೆ ಅಳಿಯುವಂತಾಯಿತು. ೧೮೫೦ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯು ಇದನ್ನು ಕಂಡು, ಮೊದಲಿನ ಚಿತ್ರವನ್ನು ನೆನಪಿನಲ್ಲಿಟ್ಟುಕೊಂಡಿದ್ದ ಈ ದೇಶದ ಚಿತ್ರಕಾರನಿಂದ ಮತ್ತೆ ಬರೆಯಿಸಿದನು. ಆದಕಾರಣ ನಾವು ಈಗ ಕಾಣುವುದು ಅನೇಕ ಕೈಗಳು ಸೇರಿದ ಕೆಲಸ. ತನಗೆ ಅಪಮಾನಕರವಾದ ಚಿತ್ರವನ್ನು ಅಳಿಸುವುದು ಗೆದ್ದವನಿಗೆ ಬಲು ಸುಲಭವಾಗಿತ್ತು, ಹಾಗೆ ಮಾಡಲಿಲ್ಲ. ಎದುರಾಳಿಯ ಸಾಕ್ಷ್ಯವನ್ನೂ ಕಾಪಾಡುವುದೇ ಸಂಗ್ರಹಾಲಯದ ಧರ್ಮ. ಈ ಒಂದು ಮಾತನ್ನು ಮಗುವು ಮನೆಗೆ ಕೊಂಡೊಯ್ದರೆ ಪ್ರಯಾಣದ ವೆಚ್ಚವು ಸಾರ್ಥಕ.

ಮೂರನೆಯದು ಟಿಪ್ಪುವಿನ ಮಕ್ಕಳ ರೇಖಾಚಿತ್ರಗಳು. ಪಟ್ಟಣವು ಬಿದ್ದ ಮೇಲೆ ಇಲ್ಲಿಗೆ ಬಂದ ಥಾಮಸ್ ಹಿಕಿ ಎಂಬ ಐರ್ಲೆಂಡಿನ ಚಿತ್ರಕಾರನು ಅವರನ್ನು ಎದುರಿಗೆ ಕೂರಿಸಿಕೊಂಡು ಬರೆದವು ಇವು. ದೊಡ್ಡ ಯುದ್ಧಚಿತ್ರಗಳನ್ನು ನೋಡಿ ದಣಿದ ಕಣ್ಣಿಗೆ ಈ ಮುಖಗಳು ಬೇರೊಂದು ಕಥೆಯನ್ನು ಹೇಳುತ್ತವೆ. ೧೭೯೨ರ ಒಪ್ಪಂದದಲ್ಲಿ ಟಿಪ್ಪುವು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ಹಣವು ಪೂರ್ತಿಯಾಗಿ ಸಲ್ಲುವವರೆಗೆ ಎಳೆಯ ವಯಸ್ಸಿನ ಇಬ್ಬರು ಪುತ್ರರನ್ನು ಒತ್ತೆಯಾಗಿ ಕೊಡಬೇಕಾಯಿತು. ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಎಂಬ ಆ ಬಾಲಕರು ಮದರಾಸಿಗೆ ಹೋಗಿ ೧೭೯೪ರಲ್ಲಿ ಹಿಂದಿರುಗಿದರು. ೧೭೯೯ರ ಅನಂತರ ಈ ಕುಟುಂಬವನ್ನು ವೇಲೂರಿಗೂ, ೧೮೦೬ರ ವೇಲೂರಿನ ದಂಗೆಯ ಬಳಿಕ ದೂರದ ಕಲ್ಕತ್ತೆಗೂ ಸಾಗಿಸಿದರು. ಹಿರಿಯರ ಯುದ್ಧಗಳ ಸಾಲವನ್ನು ಮಕ್ಕಳು ತೀರಿಸುವುದು ಎಲ್ಲ ಕಾಲಗಳಲ್ಲಿಯೂ ಉಂಟು. ನಮ್ಮ ಮಕ್ಕಳು ತಮ್ಮ ವಯಸ್ಸಿನ ಆ ಬಾಲಕರನ್ನು ನೆನೆದು ಒಂದು ನಿಮಿಷ ಮೌನವಾದರೆ ಅದನ್ನು ಮಾತಿನಿಂದ ಕೆಡಿಸಬೇಡಿರಿ.

ನಾಲ್ಕನೆಯ ಪ್ರಶ್ನೆಯು ಉಳಿಯಿತು: ಇಲ್ಲಿ ಯಾರು ಇಲ್ಲ, ಏನು ಇಲ್ಲ? ಟಿಪ್ಪುವಿನ ಸಿಂಹಾಸನವೆಲ್ಲಿ ಎಂದು ಮಕ್ಕಳು ಹುಡುಕುವರು. ಗೆದ್ದವರು ಅದನ್ನು ತುಂಡುತುಂಡಾಗಿ ಒಡೆದು ಹಂಚಿಕೊಂಡರು. ಅದರ ಬಂಗಾರದ ಹುಲಿಯ ತಲೆಯು ಇಂಗ್ಲೆಂಡಿನ ಅರಸುಮನೆಯ ಸಂಗ್ರಹದಲ್ಲಿದೆ. ಸೈನಿಕನೊಬ್ಬನ ಮೇಲೆರಗಿದ ಮರದ ಹುಲಿಯೆಂಬ ಪ್ರಸಿದ್ಧ ಯಂತ್ರವು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಮನೆ ಇಲ್ಲಿ, ಸಾಮಾನು ಅಲ್ಲಿ. ಇನ್ನು ಜನರಲ್ಲಿ ಕಾಣದವರು ಯಾರು? ಬೈಲಿಯ ದಂಡಿನಲ್ಲಿ ಸತ್ತವರಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗಾಗಿ ಕಂಪನಿಯ ನೌಕರಿ ಹಿಡಿದ ನಮ್ಮ ದೇಶದ ಸಿಪಾಯಿಗಳೇ. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಯುದ್ಧದ ಚಿತ್ರದಲ್ಲಿ ಸ್ತ್ರೀಯರನ್ನು ಹುಡುಕಿರಿ ಎಂದು ಹೆಣ್ಣುಮಕ್ಕಳಿಗೆ ಹೇಳಿರಿ. ದಂಡಿಗೆ ರಾಗಿ ಬೀಸಿದವರು, ಮನೆಯ ಬಾಗಿಲಲ್ಲಿ ಕಾದು ಕುಳಿತವರು, ವಿಧವೆಯರಾದವರು ಗೋಡೆಯ ಮೇಲೆ ಇಲ್ಲ. ಗೋಡೆಯ ಮೇಲೆ ಇಲ್ಲದವರು ಲೋಕದಲ್ಲಿಯೂ ಇರಲಿಲ್ಲವೆಂದು ತಿಳಿಯುವುದು ದೊಡ್ಡ ತಪ್ಪು.

ಈಗ ಕಠಿಣವಾದ ವಿಷಯಕ್ಕೆ ಬರಬೇಕಾಗಿದೆ. ಟಿಪ್ಪುವಿನ ಹೆಸರೆತ್ತಿದರೆ ನಮ್ಮ ನಾಡಿನಲ್ಲಿ ಒಂದು ಗುಂಪು ಜಯಕಾರ ಮಾಡುವುದು, ಮತ್ತೊಂದು ಧಿಕ್ಕರಿಸುವುದು. ಈ ಕೂಗು ಶಾಲೆಯ ಗೋಡೆಯ ಹೊರಗೆ ನಿಲ್ಲುವುದಿಲ್ಲ. ನಮ್ಮ ಮೇಲಿನ ತರಗತಿಯೊಂದರಲ್ಲಿ ಒಬ್ಬ ಹುಡುಗಿ ಅವನನ್ನು ವೀರನೆಂದಳು. ಮಂಗಳೂರು ಕಡೆಯ ಮನೆತನದ ಇನ್ನೊಬ್ಬಳು, “ಟೀಚರ್, ನಮ್ಮ ಅಜ್ಜಿ ಹಾಗೆ ಹೇಳುವುದಿಲ್ಲ. ನಮ್ಮವರನ್ನು ಸೆರೆಹಿಡಿದು ಪಟ್ಟಣಕ್ಕೆ ನಡೆಸಿಕೊಂಡು ಹೋದರಂತೆ” ಎಂದು ಕಣ್ಣೀರಿಟ್ಟಳು. ಇಬ್ಬರೂ ನನ್ನ ಮುಖವನ್ನು ನೋಡಿದರು. ಇಂಥ ಸಮಯದಲ್ಲಿ ಹಿರಿಯರು ಒಬ್ಬಳನ್ನು ಸುಮ್ಮನಿರಿಸಿ ಶಾಂತಿಯನ್ನು ಕೊಂಡುಕೊಳ್ಳಬಾರದು.

ಅಜ್ಜಿಯ ಮಾತು ನಿಜ. ೧೭೮೪ರಲ್ಲಿ ಕನ್ನಡ ಕರಾವಳಿಯ ಕ್ರೈಸ್ತರನ್ನು ಮನೆಮಾರುಗಳಿಂದ ಹೊರಡಿಸಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಕರೆತಂದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹಳ ಮಂದಿ ಮಡಿದರು. ಉಳಿದವರಿಗೆ ಬಿಡುಗಡೆಯಾದದ್ದು ೧೭೯೯ರಲ್ಲಿ. ಕೊಡಗಿನವರಲ್ಲಿಯೂ ಅಂಥದೇ ಸೆರೆಯ ನೆನಪುಂಟು. ೧೭೯೧ರಲ್ಲಿ ಮರಾಠ ದಂಡಿನವರು ಶೃಂಗೇರಿ ಮಠವನ್ನು ಸುಲಿದಾಗ ಇದೇ ಟಿಪ್ಪುವು ಅಲ್ಲಿಯ ಗುರುಗಳಿಗೆ ಗೌರವದಿಂದ ಪತ್ರ ಬರೆದು, ದೇವಿಯ ಪುನಃಪ್ರತಿಷ್ಠೆಗೆ ನೆರವು ಕಳುಹಿಸಿದ್ದೂ ನಿಜ. ಕನ್ನಡದಲ್ಲಿರುವ ಆ ಪತ್ರಗಳನ್ನು ಮೈಸೂರಿನ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ೧೯೧೬ರಲ್ಲಿ ಮಠದಲ್ಲಿ ಕಂಡು ಲೋಕಕ್ಕೆ ತಿಳಿಸಿದರು. ಕೋಟೆಯೊಳಗಿನ ಶ್ರೀರಂಗನಾಥನ ಗುಡಿಯು ಅವನ ಆಳ್ವಿಕೆಯ ಉದ್ದಕ್ಕೂ ಅವನ ಅರಮನೆಯ ಸಮೀಪದಲ್ಲಿಯೇ ನಿಂತಿತ್ತು. ಇವುಗಳಲ್ಲಿ ಒಂದು ಮತ್ತೊಂದನ್ನು ಅಳಿಸುವುದಿಲ್ಲ. ಸೆರೆಯಾದವರ ಕಣ್ಣೀರನ್ನು ಶೃಂಗೇರಿಯ ಪತ್ರದಿಂದ ಒರೆಸಲಾಗದು. ಶೃಂಗೇರಿಯ ಪತ್ರವನ್ನು ಸೆರೆಯಾದವರ ಹೆಸರಿನಲ್ಲಿ ಹರಿದುಹಾಕಲೂ ಆಗದು. ಇಬ್ಬರು ಹುಡುಗಿಯರಿಗೂ ನಾನು ಹೇಳಿದ್ದು ಇಷ್ಟೇ: ನೀನು ಹೇಳಿದ್ದನ್ನು ಅವಳು ಬರೆದುಕೊಳ್ಳಲಿ, ಅವಳು ಹೇಳಿದ್ದನ್ನು ನೀನು ಬರೆದುಕೋ. ಬರೆದುಕೊಂಡ ಮೇಲೆ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತರು. ಸತ್ತವರ ವಿಷಯದಲ್ಲಿ ತೀರ್ಪು ಹೇಳುವುದು ಮಕ್ಕಳ ಕೆಲಸವಲ್ಲ. ಪಕ್ಕದಲ್ಲಿ ಕುಳಿತವಳ ನೋವನ್ನು ಕೇಳಿಸಿಕೊಳ್ಳುವುದು ಅವರ ಕೆಲಸ.

ಸಂಗ್ರಹಾಲಯವನ್ನು ನೋಡಲು ಒಂದೂವರೆ ಗಂಟೆ ಸಾಕು. ಅನಂತರ ಮಕ್ಕಳಿಗೆ ನೆರಳೂ ಬುತ್ತಿಯೂ ಬೇಕು. ಚಿತ್ರಾನ್ನ, ಮೊಸರನ್ನಗಳನ್ನು ಹೊರಗಡೆ, ಊಟಕ್ಕೆ ಅನುಮತಿಯಿರುವ ಸ್ಥಳದಲ್ಲಿ ಉಂಡು, ಎಲೆ ಕಾಗದಗಳನ್ನು ಕಟ್ಟಿಕೊಂಡು ಹಿಂದಕ್ಕೆ ತರತಕ್ಕದ್ದು. ನದಿಯ ದಂಡೆಗೆ ಹೋಗುವವರು ಎಚ್ಚರವಾಗಿರಬೇಕು. ಕಟ್ಟೆಯಿಂದ ನೀರು ಬಿಟ್ಟರೆ ಪ್ರವಾಹವು ಬೇಗನೆ ಏರುವುದು, ಬಂಡೆಗಳು ಜಾರುವುವು, ಸುಳಿಗಳುಂಟು. ನೋಡಲು ನದಿ, ಆಡಲು ದಡ ಎಂಬ ನಿಯಮವನ್ನು ಮನೆಯಲ್ಲಿಯೇ ಹೇಳಿ ಕರೆತನ್ನಿರಿ.

ವೇಳೆ ಉಳಿದರೆ ಗುಂಬಜಿಗೆ ಹೋಗಬಹುದು. ಹೈದರಲಿ, ಟಿಪ್ಪು, ಟಿಪ್ಪುವಿನ ತಾಯಿ ಮೂವರೂ ಅಲ್ಲಿ ಮಲಗಿದ್ದಾರೆ. ಅಲ್ಲಿಗೆ ಸಮೀಪದಲ್ಲಿಯೇ ಒಂದು ಸ್ಮಾರಕವುಂಟು. ಅನೇಕರು ಅದನ್ನು ಗಮನಿಸದೆ ಹೋಗುವರು. ಪೊಲ್ಲಿಲೂರಿನಲ್ಲಿ ಸೆರೆಸಿಕ್ಕು, ೧೭೮೨ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲಿಯೇ ಮಡಿದ ಆ ಬೈಲಿಗಾಗಿ ಅವನ ಸಂಬಂಧಿಕನು ೧೮೧೬ರಲ್ಲಿ ಕಟ್ಟಿಸಿದ್ದು ಅದು. ಬೆಳಿಗ್ಗೆ ಗೋಡೆಯ ಮೇಲೆ ಪಲ್ಲಕ್ಕಿಯಲ್ಲಿ ಕಂಡವನ ಹೆಸರನ್ನು ಮಧ್ಯಾಹ್ನ ಕಲ್ಲಿನ ಮೇಲೆ ಕಂಡ ಮಗುವಿಗೆ ಇತಿಹಾಸವೆಂಬುದು ಬಾಯಿಪಾಠದ ತಾರೀಖುಗಳಲ್ಲವೆಂದು ಯಾರೂ ಬೋಧಿಸಬೇಕಾಗಿಲ್ಲ. ಗೆದ್ದವರ ಗೋರಿಯೂ ಸೋತವನ ಸ್ಮಾರಕವೂ ಒಂದೇ ನಡುಗಡ್ಡೆಯಲ್ಲಿ, ಒಂದೇ ನದಿಯ ಸದ್ದನ್ನು ಕೇಳುತ್ತ ನಿಂತಿವೆ.

ಮನೆಗೆ ಬಂದ ಮೇಲೆ ಪ್ರಬಂಧ ಬರೆ ಎಂದು ಮಕ್ಕಳನ್ನು ಪೀಡಿಸಬೇಡಿರಿ. ಊರಿನಲ್ಲಿರುವ ಅಜ್ಜಿಗೆ ಒಂದು ಕಾಗದ ಬರೆಯಲಿ. ಇಲ್ಲವೇ ನೆನಪಿನಲ್ಲಿರುವ ಒಂದು ವಸ್ತುವಿನ ಚಿತ್ರವನ್ನು ತೆಗೆಯಲಿ. ಕೆಲವು ದಿನ ಕಳೆದ ಮೇಲೆ, “ಹೂವು ಮೂಸುವ ಸುಲ್ತಾನನನ್ನು ಬೈಲಿಯ ಮನೆಯವರು ಚಿತ್ರಿಸಿದ್ದರೆ ಹೇಗೆ ಚಿತ್ರಿಸುತ್ತಿದ್ದರು?” ಎಂದು ಕೇಳಿ ನೋಡಿರಿ. ಉತ್ತರಗಳು ನಿಮ್ಮನ್ನು ಬೆರಗುಗೊಳಿಸುವುವು.

ನಮ್ಮ ಮನೆಗಳಲ್ಲಿ ಮಕ್ಕಳು ಜಗಳವಾಡಿದಾಗ ಒಳ್ಳೆಯ ತಾಯಿಯು ಮೊದಲು ಅತ್ತವನ ಮಾತನ್ನು ಮಾತ್ರ ಕೇಳಿ ಎರಡನೆಯವನನ್ನು ಹೊಡೆಯುವುದಿಲ್ಲ. ಇಬ್ಬರನ್ನೂ ಎದುರಿಗೆ ನಿಲ್ಲಿಸಿ ಇಬ್ಬರಿಗೂ ಬಾಯಿ ಕೊಡುತ್ತಾಳೆ. ದೇಶದ ಕಥೆಯನ್ನೂ ಹಾಗೆಯೇ ಕೇಳಬೇಕು. ನಮ್ಮ ಶಾಲೆಯಿಂದ ಹೊರಹೋಗುವ ಹೆಣ್ಣುಮಕ್ಕಳು ನಾಳೆ ಮನೆಯನ್ನೂ ಊರನ್ನೂ ನಡೆಸತಕ್ಕವರು. ಅವರ ಮುಂದೆ ಎಷ್ಟೋ ಜಗಳಗಳು ತೀರ್ಮಾನಕ್ಕೆ ಬರುವುವು. ತಾಳ್ಮೆಯಿಂದ ನೋಡುವ ಕಣ್ಣನ್ನೂ ಎರಡು ಕಡೆಯನ್ನೂ ಕೇಳುವ ಕಿವಿಯನ್ನೂ ಎಳವೆಯಲ್ಲಿಯೇ ಕೊಟ್ಟರೆ ಅದು ಒಡವೆಗಿಂತ ಬಾಳುವ ಉಡುಗೊರೆ. ಮುಂದಿನ ರಜೆಯಲ್ಲಿ ಅಂಥ ಉಡುಗೊರೆಯನ್ನು ಕೊಡಬೇಕೆನ್ನುವ ತಾಯ್ತಂದೆಗಳಿಗೆ ಕಾವೇರಿಯ ದಂಡೆಯ ಆ ಮರದ ಮನೆಯ ಬಾಗಿಲು ತೆರೆದಿದೆ.